ಕಾಲುವೆಯ ಕೊನೆಯಲ್ಲೊಂದು ಎಂ.ಕಾಂ.

ಏಪ್ರಿಲ್ 1 ಬಂತೆಂದರೆ ನಮ್ಮ ಭಾಗದ ಸರ್ಕಾರಿ ಕಚೇರಿಗಳ ಗಡಿಯಾರವೇ ಬದಲಾಗುತ್ತದೆ. ಬೆಂಗಳೂರು, ಮೈಸೂರಿನ ಕಡೆಯವರಿಗೆ ಇದು ಗೊತ್ತಿರಲಿಕ್ಕಿಲ್ಲ: ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಬಿಸಿಲಿನ ಕಾರಣಕ್ಕೆ ಏಪ್ರಿಲ್, ಮೇ ಎರಡು ತಿಂಗಳು ಕಚೇರಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ. ರಾಯಚೂರಿನ ಒಂದು ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿರುವ ನಾನು, ಆನ್‌ಲೈನ್ ಎಂ.ಕಾಂ.ಗೆ ಸೇರಿದ ಮೊದಲ ವರ್ಷ ಈ ಎರಡು ತಿಂಗಳಿಗಾಗಿ ದಿನ ಎಣಿಸುತ್ತಿದ್ದೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಲೆಕ್ಕವೂ ಆಗಿತ್ತು. ಮಧ್ಯಾಹ್ನ 2ರಿಂದ ಸಂಜೆ 6ರವರೆಗೆ ದಿನಕ್ಕೆ 4 ಗಂಟೆ, ಒಟ್ಟು 61 ದಿನ, ಅಂದರೆ 244 ಗಂಟೆ. ಲೆಕ್ಕದವಳಾದ್ದರಿಂದ ಮೊತ್ತದ ಕೆಳಗೆ ಎರಡು ಗೆರೆಯನ್ನೂ ಎಳೆದಿದ್ದೆ.

ಏಪ್ರಿಲ್ ಮೊದಲ ವಾರದ ಒಂದು ಮಧ್ಯಾಹ್ನ ಊಟ ಮುಗಿಸಿ, ಕಿಟಕಿಗೆ ಒದ್ದೆ ಚಾದರ ಕಟ್ಟಿ, ಕೂಲರ್‌ಗೆ ಎರಡು ಕೊಡ ನೀರು ಸುರಿದು, ಕ್ರೋಡೀಕೃತ ಲೆಕ್ಕಪತ್ರಗಳ (ಒಂದು ಕಂಪನಿ ಮತ್ತು ಅದರ ಅಧೀನ ಕಂಪನಿಗಳ ಲೆಕ್ಕವನ್ನು ಒಂದಾಗಿಸುವುದು) ವಿಡಿಯೋ ಪಾಠ ಹಚ್ಚಿಕೊಂಡು ಕುಳಿತೆ. ಹೊರಗೆ 42 ಡಿಗ್ರಿ ಬಿಸಿಲು, ಒಳಗೆ ಕೂಲರ್‌ನ ಸದ್ದು. ಎಚ್ಚರವಾದಾಗ 4.40 ಆಗಿತ್ತು. ಪಾಠ ಹೇಳುತ್ತಿದ್ದವರು ಬೇರೆಯವರಾಗಿದ್ದರು, ವಿಷಯವೂ ಬೇರೆಯಾಗಿತ್ತು. ಒಂದು ಮುಗಿದ ಮೇಲೆ ಇನ್ನೊಂದು ತಾನಾಗಿಯೇ ಶುರುವಾಗಿ ಮೂರು ವಿಡಿಯೋಗಳು ನನ್ನ ನಿದ್ದೆಯ ಮೇಲೆ ಹಾದು ಹೋಗಿದ್ದವು. ಪೋರ್ಟಲ್ ತೆರೆದು ನೋಡಿದರೆ ಆ ಮೂರರ ಎದುರಿಗೂ ಹಸಿರು ಬಣ್ಣದ ಸರಿ ಗುರುತು ಬಿದ್ದಿತ್ತು. ವಿಶ್ವವಿದ್ಯಾಲಯದ ಲೆಕ್ಕದಲ್ಲಿ ನಾನು ಅಂದು ಎರಡೂವರೆ ಗಂಟೆ ಕಲಿತಿದ್ದೆ. ಕಚೇರಿಯಲ್ಲಿ ಇಂಥ ನಮೂದು ಕಂಡರೆ ಆಡಿಟ್‌ನವರು ಆಕ್ಷೇಪಣೆ ಬರೆಯುತ್ತಾರೆ.

ಆನ್‌ಲೈನ್ ಪದವಿಯಲ್ಲಿ ಸಮಯ ನಮ್ಮ ಕೈಯಲ್ಲಿರುತ್ತದೆ ಎಂಬುದು ಅದನ್ನು ಮಾರುವವರೂ ಕೊಳ್ಳುವವರೂ ಒಪ್ಪಿಕೊಂಡುಬಿಟ್ಟಿರುವ ಮಾತು. ಸೇರುವ ಮೊದಲು ನಾನು ವಿಚಾರಿಸಿದ್ದು ಎರಡೇ ಸಂಗತಿ: ಈ ಪದವಿಗೆ ಮಾನ್ಯತೆ ಇದೆಯೇ, ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದೇ. ಮೊದಲನೆಯದಕ್ಕೆ ಉತ್ತರ ಸುಲಭವಾಗಿ ಸಿಕ್ಕಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2020ರ ನಿಯಮಾವಳಿಯ ಪ್ರಕಾರ ಅನುಮತಿ ಪಡೆದ ಆನ್‌ಲೈನ್ ಪದವಿ ರೆಗ್ಯುಲರ್ ಪದವಿಗೆ ಸಮ. ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರಿನ ಜೊತೆಗೆ ಆ ಕೋರ್ಸಿನ ಹೆಸರೂ ಇದೆಯೇ ಎಂದು ನೋಡಿಕೊಳ್ಳಬೇಕು, ಅಷ್ಟೆ. ಕೇಳಬೇಕಾಗಿದ್ದ ಮೂರನೆಯ ಪ್ರಶ್ನೆ, ಇದಕ್ಕೆ ಒಟ್ಟು ಎಷ್ಟು ಗಂಟೆ ಬೇಕು ಎಂಬುದು, ನನಗೆ ಹೊಳೆಯಲೇ ಇಲ್ಲ. ದೂರಶಿಕ್ಷಣದಲ್ಲೂ ಆನ್‌ಲೈನ್ ಶಿಕ್ಷಣದಲ್ಲೂ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಕಲಿಕೆ. ನನ್ನ ಕೋರ್ಸಿಗೆ 80 ಕ್ರೆಡಿಟ್. ಗುಣಿಸಿದರೆ 2400 ಗಂಟೆ, ಎರಡು ವರ್ಷದ 104 ವಾರಗಳಿಗೆ ಹಂಚಿದರೆ ವಾರಕ್ಕೆ 23 ಗಂಟೆ ಬೀಳುತ್ತದೆ. ಕಚೇರಿಯಲ್ಲಿ ನಾನು ಕುಳಿತುಕೊಳ್ಳುವುದು ವಾರಕ್ಕೆ 40 ಗಂಟೆಯ ಆಸುಪಾಸು. ಅಂದರೆ ಇನ್ನೊಂದು ಅರ್ಧ ನೌಕರಿಗೆ, ಸಂಬಳವಿಲ್ಲದೆ, ನಾನೇ ಶುಲ್ಕ ಕಟ್ಟಿ ಸೇರಿದ್ದೆ. ಬೇಸಿಗೆಯ ಆ 244 ಗಂಟೆಗಳನ್ನು ಪೂರ್ತಿ ಓದಿಗೆ ಕೊಟ್ಟಿದ್ದರೂ ಮುಗಿಯುತ್ತಿದ್ದುದು 4 ಕ್ರೆಡಿಟ್ಟಿನ ಎರಡೇ ಪೇಪರು.

ಈ ಲೆಕ್ಕ ಗೊತ್ತಾದ ಮೇಲೆ ಒಂದು ವಾರ ನನ್ನ ದಿನಚರಿಯನ್ನೇ ನಗದು ಪುಸ್ತಕದ ಮಾದರಿಯಲ್ಲಿ ಬರೆದಿಟ್ಟೆ. ಎಡಗಡೆ ಓದಲು ಕುಳಿತ ಹೊತ್ತು, ಬಲಗಡೆ ಆ ಹೊತ್ತು ಯಾವುದಕ್ಕೆ ಹೋಯಿತು ಎಂಬ ವಿವರ. ಬರೆಯುವ ಮೊದಲು ಯಾರಾದರೂ ಕೇಳಿದ್ದರೆ ವಾರಕ್ಕೆ 15 ಗಂಟೆ ಓದುತ್ತೇನೆ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಪುಸ್ತಕ ತೋರಿಸಿದ್ದು 6 ಗಂಟೆ 40 ನಿಮಿಷ. ಅದರಲ್ಲಿಯೂ 2 ಗಂಟೆ 10 ನಿಮಿಷ ಹೋದದ್ದು ಓದಿನ ಸುತ್ತಮುತ್ತಲಿನ ಕೆಲಸಕ್ಕೆ: ಪಾಸ್‌ವರ್ಡ್ ಮರೆತು ಒಟಿಪಿಗೆ ಕಾಯುವುದು, ಪಿಡಿಎಫ್ ಇಳಿಸಿಕೊಳ್ಳುವುದು, ಎಲ್ಲಿ ನಿಲ್ಲಿಸಿದ್ದೆ ಎಂದು ಹುಡುಕುವುದು, ಅಸೈನ್‌ಮೆಂಟಿನ ಕೊನೆಯ ದಿನಾಂಕ ಯಾವುದೆಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೆದಕುತ್ತ ಕೆದಕುತ್ತ ಬೇರೆಯವರ ಹುಟ್ಟುಹಬ್ಬದ ಶುಭಾಶಯಗಳನ್ನೂ ಓದಿ ಬರುವುದು. ಈ ಕೊನೆಯದರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಹಳೆಯ ಕಾಲದಲ್ಲಿ ಓದಲು ಕುಳಿತವರು ಪುಸ್ತಕ ತೆರೆಯುತ್ತಿದ್ದರು, ನಾವು ಮೊದಲು ಇಡೀ ಸಂತೆಯನ್ನು ದಾಟಬೇಕು.

ಸಮಯ ಇರಲಿಲ್ಲವೆಂದಲ್ಲ, ಅದು ನನ್ನ ತನಕ ಬರುತ್ತಿರಲಿಲ್ಲ. ಈ ವ್ಯತ್ಯಾಸ ನನಗೆ ತಿಳಿದದ್ದು ತವರಿನಲ್ಲಿ. ನಮ್ಮಪ್ಪನ ಹೊಲ ಸಿರವಾರ ತಾಲ್ಲೂಕಿನಲ್ಲಿದೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ. ಮುನಿರಾಬಾದಿನಲ್ಲಿ ಹೊರಟ ನೀರು ಗಂಗಾವತಿ, ಕಾರಟಗಿ, ಸಿಂಧನೂರಿನ ಭತ್ತದ ಗದ್ದೆಗಳನ್ನೆಲ್ಲ ದಾಟಿ, 200 ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುವೆಯಲ್ಲಿ ಹರಿದು ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳಿಗೆ ಮುಟ್ಟಬೇಕು. ಡ್ಯಾಮು ತುಂಬಿದ ವರ್ಷವೂ ಕೊನೆ ಭಾಗದವರು ನೀರಿಗಾಗಿ ರಸ್ತೆಯಲ್ಲಿ ಕೂರುವುದು ನಮ್ಮಲ್ಲಿ ಹೊಸ ಸುದ್ದಿಯಲ್ಲ. ಮೇಲಿನವರು ತೂಬಿಗೆ ಮೀರಿ ಎಳೆದುಕೊಳ್ಳುತ್ತಾರೆ, ನಡುವೆ ಪಂಪು ಇಟ್ಟವರಿರುತ್ತಾರೆ, ಯಾರೂ ತಾವು ಕದಿಯುತ್ತಿದ್ದೇವೆಂದು ಅಂದುಕೊಂಡಿರುವುದಿಲ್ಲ. ಎಲ್ಲರ ಬೆಳೆಯೂ ಒಣಗುತ್ತಿರುತ್ತದೆ.

ಹಬ್ಬಕ್ಕೆ ಹೋದಾಗ ಅಪ್ಪನ ಮುಂದೆ ನನ್ನ ಓದಿನ ಗೋಳು ಹೇಳಿಕೊಂಡೆ. ಅಪ್ಪ ನಾಲ್ಕನೆಯ ಇಯತ್ತೆ ಓದಿದವರು, ಎಂ.ಕಾಂ. ಎಂದರೇನೆಂದು ಕೇಳಿದವರಲ್ಲ. "ಮ್ಯಾಲಿನವ್ರೆಲ್ಲ ಕಟ್ಕೊಂಡು ಉಳದದ್ದು ನಿನಗ ಬರ್ತದಂತ ಕುಂತೀದಿ. ಉಳದದ್ದು ಯಾವತ್ತು ಬಂದದವ್ವ?" ಎಂದರು. ನನ್ನ ದಿನವನ್ನು ನೋಡಿದರೆ ಅದು ಅಕ್ಷರಶಃ ಹಾಗೆಯೇ ಇತ್ತು. ಮೊದಲ ತೂಬು ಅಡುಗೆಮನೆಯದು, ಎರಡನೆಯದು ಕಚೇರಿಯದು, ಆಮೇಲೆ ಮಗನ ಹೋಂವರ್ಕು, ಅತ್ತೆಯ ಔಷಧಿ, ಸಂಜೆ ಬರುವ ನೆಂಟರು, ರಾತ್ರಿಯ ಪಾತ್ರೆ. ಇವೆಲ್ಲವೂ ಮುಗಿದ ಮೇಲೆ, ರಾತ್ರಿ 10.30ಕ್ಕೆ, ಕಾಲುವೆಯ ತುದಿಯಲ್ಲಿ ನನ್ನ ಓದಿತ್ತು. ಅಲ್ಲಿಗೆ ಮುಟ್ಟುತ್ತಿದ್ದುದು ತೇವ ಮಾತ್ರ.

ನೀರಾವರಿಯವರು ಕಾಲುವೆಯ ಲೆಕ್ಕವನ್ನು ಡ್ಯಾಮಿನ ಬಾಯಲ್ಲಷ್ಟೇ ಹಿಡಿಯುವುದಿಲ್ಲ. 69ನೆಯ ಮೈಲಿನಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿದೆ, 104ನೆಯ ಮೈಲಿನಲ್ಲಿ ಎಷ್ಟಿದೆ ಎಂಬುದೇ ನಮ್ಮ ಭಾಗದ ರೈತರ ಮಾತು. ಡ್ಯಾಮಿನಿಂದ ಎಷ್ಟು ಬಿಟ್ಟರೆಂದು ಹೇಳಿದರೆ ಅವರು ಸಮಾಧಾನಗೊಳ್ಳುವುದಿಲ್ಲ. ನಾನೂ ಗೇಜನ್ನು ತುದಿಗೆ ಒಯ್ದೆ. ಇಂದು ಎಷ್ಟು ಗಂಟೆ ಕುಳಿತೆ ಎಂದು ಬರೆಯುವುದನ್ನು ಬಿಟ್ಟು, ಭಾನುವಾರ ರಾತ್ರಿ ಒಂದೇ ಒಂದು ಸಾಲು ಬರೆಯತೊಡಗಿದೆ: ಈ ವಾರ ಪುಸ್ತಕ ನೋಡದೆ ಬಿಡಿಸಬಲ್ಲ ಲೆಕ್ಕಗಳು ಎಷ್ಟು. ಮೊದಲ ವಾರದ ಸಾಲಿನಲ್ಲಿ ಬರೆದದ್ದು ಸೊನ್ನೆ. ಪೋರ್ಟಲ್‌ನ ಹಸಿರು ಗುರುತುಗಳು ಆ ಹೊತ್ತಿಗೆ 31 ಆಗಿದ್ದವು.

ಇನ್ನೊಂದು ತೊಡಕು ನಾನು ಎಣಿಸಿಯೇ ಇರದಂಥದು. ನಮ್ಮ ಕಚೇರಿಯ ಹಿರಿಯರೊಬ್ಬರು ವರ್ಷಗಳ ಹಿಂದೆ, 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಿಂದ ಪದವಿ ಪಡೆದವರು. ಆಗ ಅಂಚೆಯಲ್ಲಿ ಪುಸ್ತಕಗಳ ಕಟ್ಟು ಬರುತ್ತಿತ್ತಂತೆ. ಅವರು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಕೂತಿತು: "ಮೇಡಂ, ಆ ಕಟ್ಟು ಟೇಬಲ್ ಮ್ಯಾಲೆ ಇತ್ತಂದ್ರ ಮನಿಯಾಗ ಯಾರೂ ನನಗ ಕೆಲ್ಸ ಹೇಳ್ತಿದ್ದಿಲ್ರೀ." ನನ್ನ ಓದಿಗೆ ಅಂಥ ಕಟ್ಟು ಇರಲಿಲ್ಲ. ಅದೆಲ್ಲವೂ ಮೊಬೈಲಿನೊಳಗಿತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲ್ ನೋಡುತ್ತ ಕುಳಿತ ಸೊಸೆಯನ್ನು ಕಂಡರೆ ಯಾವ ಅತ್ತೆಗಾದರೂ ಏನನ್ನಿಸೀತು? "ಯವ್ವಾ, ಎಷ್ಟೊತ್ತು ಮೊಬೈಲ್ ಹಿಡಕೊಂಡು ಕೂಡ್ತಿ, ಬ್ಯಾಳಿ ಹಸನ ಮಾಡಬಾರ್ದೇನು" ಎಂದು ಅವರು ಹೇಳಿದ್ದರಲ್ಲಿ ಕುಹಕವಿರಲಿಲ್ಲ. ಅವರ ಕಣ್ಣಿಗೆ ನಾನು ಖಾಲಿ ಕುಳಿತಿದ್ದೆ. ಮಗನ ಕಣ್ಣಿಗಂತೂ ಅವನಿಗೆ ಬೈಯುವ ತಪ್ಪನ್ನು ನಾನೇ ಮಾಡುತ್ತಿದ್ದೆ.

ಒಂದು ಶನಿವಾರ ಆ ಸೆಮಿಸ್ಟರಿನ ಪಠ್ಯವನ್ನೆಲ್ಲ ಝೆರಾಕ್ಸ್ ಅಂಗಡಿಗೆ ಒಯ್ದು, ಎರಡೂ ಬದಿಗೆ ಪ್ರಿಂಟ್ ಹಾಕಿಸಿ, ಪೇಪರಿಗೊಂದರಂತೆ ಐದು ಸ್ಪೈರಲ್ ಬೈಂಡ್ ಮಾಡಿಸಿಕೊಂಡು ಬಂದೆ. ದುಡ್ಡು ನಾನಂದುಕೊಂಡದ್ದಕ್ಕಿಂತ ಜಾಸ್ತಿಯೇ ಹೋಯಿತು. ಆದರೆ ಅಂದು ಸಂಜೆ ನಡುಮನೆಯ ಮೇಜಿನ ಮೇಲೆ ಆ ಐದು ಪುಸ್ತಕಗಳನ್ನು ಇಟ್ಟು, ಪೆನ್ಸಿಲ್ ಹಿಡಿದು ಕುಳಿತಾಗ, ಅತ್ತೆ ಬಂದು ನಿಂತು ನೋಡಿ, ಏನೂ ಹೇಳದೆ, ಟಿ.ವಿ.ಯ ಸದ್ದು ತಗ್ಗಿಸಿದರು. ಸಮಯ ನಿರ್ವಹಣೆಯ ಬಗ್ಗೆ ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಇದನ್ನು ನಾನು ಕಂಡಿಲ್ಲ. ಅವು ಒಬ್ಬಂಟಿ ಮನುಷ್ಯನಿಗೆ, ಬಾಗಿಲು ಹಾಕಿಕೊಳ್ಳಲು ಕೋಣೆಯಿರುವವನಿಗೆ ಬರೆದಂಥವು. ಆರು ಜನರ ಮನೆಯಲ್ಲಿ ನನ್ನ ಗಂಟೆಯನ್ನು ನಾನೊಬ್ಬಳೇ ಕಾಯಲಾರೆ. ಅದು ಗಂಟೆಯೆಂದು ಉಳಿದ ಐವರಿಗೂ ಕಾಣಿಸಬೇಕು.

ಅಂದಾಜಿನ ವಿಷಯಕ್ಕೆ ಬಂದರೆ ನನ್ನಷ್ಟು ಕೆಟ್ಟ ಅಂದಾಜು ಯಾರದೂ ಇರಲಿಕ್ಕಿಲ್ಲ ಎಂದುಕೊಂಡಿದ್ದೆ. ಮೊದಲ ಅಸೈನ್‌ಮೆಂಟಿಗೆ ಎರಡು ಸಂಜೆ ಸಾಕೆಂದು ಇಟ್ಟುಕೊಂಡದ್ದು ಏಳು ಸಂಜೆ ತಿಂದಿತು. ಎರಡನೆಯದಕ್ಕೂ ಎರಡೇ ಸಂಜೆ ಇಟ್ಟೆ, ಹಿಂದಿನದು ಏಳು ತಿಂದದ್ದು ಚೆನ್ನಾಗಿ ನೆನಪಿದ್ದೂ! ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಈ ರೋಗಕ್ಕೆ ಹೆಸರಿಟ್ಟಿದ್ದಾರೆಂದು ಆಮೇಲೆ, ನಮ್ಮ ಸಂಶೋಧನಾ ವಿಧಾನದ ಪೇಪರಿಗೆ ಓದುವಾಗ ತಿಳಿಯಿತು. ಮನುಷ್ಯನು ತನ್ನ ಕೆಲಸದ ಅವಧಿಯನ್ನು ಅಂದಾಜಿಸುವಾಗ ಎದುರಿಗಿರುವ ಕೆಲಸದ ಚಿತ್ರವನ್ನಷ್ಟೇ ನೋಡುತ್ತಾನೆ, ಅಂಥ ಕೆಲಸಗಳು ಈ ಹಿಂದೆ ಎಷ್ಟು ಹೊತ್ತು ಹಿಡಿದವು ಎಂಬ ದಾಖಲೆಯನ್ನು ತಿರುವಿ ನೋಡುವುದಿಲ್ಲ. ವಿಚಿತ್ರವೆಂದರೆ ಕಚೇರಿಯಲ್ಲಿ ನಾನು ಈ ತಪ್ಪು ಮಾಡುವುದಿಲ್ಲ. ಮುಂದಿನ ವರ್ಷದ ಸಾದಿಲ್ವಾರು (ಕಚೇರಿಯ ಚಿಲ್ಲರೆ ಖರ್ಚು) ವೆಚ್ಚದ ಅಂದಾಜು ಬರೆಯುವಾಗ ಹಿಂದಿನ ವರ್ಷಗಳ ವಾಸ್ತವಿಕ ವೆಚ್ಚ ನೋಡದೆ ಒಂದು ಅಂಕಿಯನ್ನೂ ಹಾಕುವುದಿಲ್ಲ. ಮನೆಗೆ ಬಂದೊಡನೆ ಆ ಶಿಸ್ತನ್ನು ಚಪ್ಪಲಿಯ ಜೊತೆ ಹೊರಗೆ ಬಿಡುತ್ತಿದ್ದೆ. ಈಗ ಅಸೈನ್‌ಮೆಂಟಿಗೂ ಹಿಂದಿನ ಐದರ ವಾಸ್ತವಿಕ ನೋಡಿಯೇ ಅಂದಾಜು ಬರೆಯುತ್ತೇನೆ.

ಮಾರ್ಚ್ ತಿಂಗಳ ಮಾತು ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. ಆರ್ಥಿಕ ವರ್ಷ ಮುಗಿಯುವ ಆ ತಿಂಗಳ ಕೊನೆಯ ಹತ್ತು ದಿನ ಲೆಕ್ಕಪತ್ರ ಶಾಖೆಯವರಿಗೆ ಮನೆಯಿರುವುದಿಲ್ಲ. ಬಿಲ್ಲುಗಳು ಮಾರ್ಚ್ 31ರೊಳಗೆ ಖಜಾನೆಗೆ ಸೇರದಿದ್ದರೆ ಅನುದಾನ ಲ್ಯಾಪ್ಸ್ ಆಗುತ್ತದೆ. ಸಾಲದ್ದಕ್ಕೆ ಅದೇ ವಾರ ನಮ್ಮ ಎರಡು ಅಸೈನ್‌ಮೆಂಟುಗಳ ಕೊನೆಯ ದಿನವೂ ಇತ್ತು. ರಾತ್ರಿ 11.59ರವರೆಗೆ ಅವಕಾಶವಿದೆಯೆಂದು ನಂಬಿ, 11.20ಕ್ಕೆ ಲಾಗಿನ್ ಆದರೆ, ನನ್ನಂತೆಯೇ ನಂಬಿದ ಇಡೀ ತರಗತಿ ಒಟ್ಟಿಗೆ ಬಂದು ಪೋರ್ಟಲ್‌ನ ಬಾಗಿಲಲ್ಲಿ ನಿಂತಿತ್ತು. ಚಕ್ರ ತಿರುಗುತ್ತಲೇ ಇತ್ತು. ಸಹಾಯವಾಣಿಗೆ ಬರೆದ ಪತ್ರಕ್ಕೆ ನಾಲ್ಕು ದಿನಗಳ ನಂತರ ಬಂದ ಉತ್ತರದಲ್ಲಿ ನನ್ನ ಹೆಸರು ಬಿಟ್ಟರೆ ನನಗೆ ಸಂಬಂಧಿಸಿದ್ದು ಏನೂ ಇರಲಿಲ್ಲ. ಒಂದು ಪೇಪರಿನ ಆಂತರಿಕ ಅಂಕ ಹೋಯಿತು. ಅಂದಿನಿಂದ ನನ್ನ ಕ್ಯಾಲೆಂಡರಿನಲ್ಲಿ ಎಲ್ಲ ಕೊನೆಯ ದಿನಗಳೂ ಮೂರು ದಿನ ಮುಂಚಿತವಾಗಿ ಬರುತ್ತವೆ, ಮಾರ್ಚ್ ತಿಂಗಳ ಓದು ಫೆಬ್ರವರಿಯಲ್ಲೇ ಮುಗಿಯುತ್ತದೆ.

ಇಷ್ಟೆಲ್ಲ ಮಾಡಿಯೂ ವಾರಕ್ಕೆ 23 ಗಂಟೆ ನನಗೆ ಒಮ್ಮೆಯೂ ಸಿಕ್ಕಿಲ್ಲ. 14 ಸಿಕ್ಕರೆ ಹೆಚ್ಚು. ಉಳಿದ ಕೊರತೆಯನ್ನು ತುಂಬಿದ್ದು ಹೊತ್ತಿಗೆ ತಕ್ಕ ಕೆಲಸ ಹಂಚಿದ್ದರಿಂದ. ಕ್ರೋಡೀಕೃತ ಅಢಾವೆ ಪತ್ರಿಕೆಯ (ಬ್ಯಾಲೆನ್ಸ್ ಶೀಟ್) ಒಂದು ಲೆಕ್ಕಕ್ಕೆ ನನಗೆ ಎಡೆಬಿಡದೆ ಒಂದೂವರೆ ಗಂಟೆ ಬೇಕು. ಅಧೀನ ಕಂಪನಿಯ ಲಾಭವನ್ನು ಷೇರು ಕೊಳ್ಳುವ ಮೊದಲಿನದು, ನಂತರದ್ದು ಎಂದು ಬೇರ್ಪಡಿಸಿ, ಅಲ್ಪಸಂಖ್ಯಾತ ಷೇರುದಾರರ ಪಾಲು ತೆಗೆಯುವಷ್ಟರಲ್ಲಿ ಯಾರಾದರೂ ಗ್ಯಾಸ್ ಸಿಲಿಂಡರ್ ಬಂತು ಎಂದು ಕರೆದರೆ, ತಿರುಗಿ ಬಂದಾಗ ಆ ಅಂಕಿಗಳು ನನ್ನ ಮುಖ ನೋಡುತ್ತಿರುತ್ತವೆ, ನಾನು ಅವುಗಳ ಮುಖ ನೋಡುತ್ತಿರುತ್ತೇನೆ. 25 ನಿಮಿಷ ಓದಿ 5 ನಿಮಿಷ ಬಿಡುವು ಪಡೆಯುವ ಪೊಮೊಡೊರೊ ಪದ್ಧತಿ ಈಗ ಬಹಳ ಹೆಸರಾಗಿದೆ. ಫ್ರಾನ್ಸೆಸ್ಕೊ ಸಿರಿಲೊ ಎಂಬ ಇಟಲಿಯ ವಿದ್ಯಾರ್ಥಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು 1980ರ ದಶಕದಲ್ಲಿ ಶುರುಮಾಡಿದ್ದು ಅದು. ಥಿಯರಿ ಪೇಪರಿಗೆ ಅದು ಒಳ್ಳೆಯದೇ. ಲೆಕ್ಕದ ನಡುವೆ ಗಂಟೆ ಬಾರಿಸಿದರೆ ನನಗೆ ಆ ಟೊಮೆಟೊವನ್ನು ಸಾರಿಗೆ ಹಾಕಬೇಕೆನಿಸುತ್ತದೆ.

ಚಿಲ್ಲರೆ ಹೊತ್ತುಗಳದು ಬೇರೆ ಕಥೆ. ನಳಕ್ಕೆ ನೀರು ಬರುವುದನ್ನು ಕಾಯುವ 15 ನಿಮಿಷ, ಕುಕ್ಕರ್ ಕೂಗುವವರೆಗಿನ 10 ನಿಮಿಷ, ಆಟೋದ 20 ನಿಮಿಷ. ಇವುಗಳಲ್ಲಿ ನಾನು ಮೊದಲು ವಿಡಿಯೋ ನೋಡುತ್ತಿದ್ದೆ. ಅರ್ಧ ನೋಡಿದ ವಿಡಿಯೋದಷ್ಟು ನಿರರ್ಥಕವಾದುದು ಇನ್ನೊಂದಿಲ್ಲ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಯಾವ ವೇಗದಲ್ಲಿ ಬರುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವಿನ ದೊಡ್ಡ ಪಾಲು ಮೊದಲ ಕೆಲವು ಗಂಟೆಗಳಲ್ಲೇ ಆಗಿಹೋಗುತ್ತದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದು ಇನ್ನೂ ಉಪಯುಕ್ತ: ಪಾಠವನ್ನು ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಹೆಚ್ಚು ನೆನಪಿತ್ತು, ಆದರೆ ಒಂದು ವಾರದ ನಂತರ ಹೆಚ್ಚು ನೆನಪಿದ್ದುದು ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಲು ತಿಣುಕಿದವರಿಗೆ. ನಳದ ಮುಂದೆ ನಿಂತು ತಿಣುಕಲು ಏನೂ ಬೇಕಿಲ್ಲ, ನೆಟ್‌ವರ್ಕ್ ಕೂಡ. ಕೊಡ ತುಂಬುವಷ್ಟರಲ್ಲಿ ಸೂಚ್ಯಂಕಗಳ ಸೂತ್ರ ನೆನಪಾಗದಿದ್ದರೆ ಅಂದು ರಾತ್ರಿ ಮೊದಲು ನೋಡಬೇಕಾದದ್ದು ಅದೇ.

ಇನ್ನು ರೊಟ್ಟಿ. ದಿನಾ ಸಂಜೆ ಇಪ್ಪತ್ತು ಜೋಳದ ರೊಟ್ಟಿ ಬಡಿಯಲು ನನಗೆ 50 ನಿಮಿಷ ಬೇಕು. ಓಣಿಯ ಕೊನೆಯಲ್ಲಿ ರೊಟ್ಟಿ ಮಾಡಿ ಮಾರುವ ಇಬ್ಬರು ಅಕ್ಕತಂಗಿಯರಿದ್ದಾರೆ. ವಾರದಲ್ಲಿ ನಾಲ್ಕು ದಿನ ಅವರಿಂದ ತರಿಸುವುದೆಂದು ನಾನೂ ನಮ್ಮ ಮನೆಯವರೂ ತೀರ್ಮಾನಿಸಿದಾಗ ಅತ್ತೆ ಮೂರು ದಿನ ಮಾತು ಬಿಟ್ಟರು. ರೊಟ್ಟಿ ಕೊಂಡು ತಿನ್ನುವ ಮನೆ ಎಂಬ ಮಾತು ನಮ್ಮ ಕಡೆ ಸಣ್ಣದಲ್ಲ. ನನ್ನ ಹೊತ್ತನ್ನು ನಾನು ಉಳಿಸಿದೆನೆಂದು ಹೇಳುವಾಗಲೆಲ್ಲ ಆ ಹೊತ್ತು ಇನ್ಯಾರದೋ ಕಟ್ಟಿಗೆಯ ಒಲೆಯ ಮುಂದೆ ಕಳೆದಿದೆ ಎಂಬುದೂ ನೆನಪಾಗುತ್ತದೆ. ನಾನು ಓದಿದ ವಾರಗಳಲ್ಲಿ ಒಂಬತ್ತನೆಯ ತರಗತಿಯ ಮಗಳು ಪಾತ್ರೆ ತೊಳೆದಿದ್ದಾಳೆ. ಅವಳ ಪರೀಕ್ಷೆಯ ವಾರ ನಾನು ಪುಸ್ತಕ ಮುಟ್ಟುವುದಿಲ್ಲ ಎಂಬುದು ನಮ್ಮಿಬ್ಬರ ನಡುವಿನ ಕರಾರು.

ಮತ್ತೆ ಏಪ್ರಿಲ್ ಬಂದಿದೆ, ಕಚೇರಿ 8ಕ್ಕೆ. ಈ ಸಲ ಮಧ್ಯಾಹ್ನದ ಗಂಟೆಗಳನ್ನು ಗುಣಿಸಲು ಹೋಗಿಲ್ಲ. ಮನೆಗೆ ಬಂದು, ಉಂಡು, 2.30ರಿಂದ 4.30ರವರೆಗೆ ಕೂಲರಿನ ಮುಂದೆ ನಾಚಿಕೆಯಿಲ್ಲದೆ ಮಲಗುತ್ತೇನೆ. ರಾತ್ರಿಯ ನಿದ್ದೆಯಲ್ಲಿ ಕಡಿಮೆಯಾದದ್ದು ಅಲ್ಲಿ ಜಮೆಯಾಗುತ್ತದೆ. ಬೆಳಗಿನ ಜಾವ 4.15ಕ್ಕೆ ಎದ್ದರೆ ಮಾಳಿಗೆಯ ಮೇಲೆ ಇನ್ನೂ ತಂಪಿರುತ್ತದೆ. ಚಾಪೆ, ಒಂದು ಸ್ಪೈರಲ್ ಪುಸ್ತಕ, ಚಾರ್ಜಿನ ದೀಪ, ಮನೆಯ ಯಾವ ತೂಬೂ ಇನ್ನೂ ತೆರೆದಿರದ ಒಂದೂವರೆ ಗಂಟೆ. ನಿನ್ನೆ ಅಢಾವೆ ಪತ್ರಿಕೆಯ ಎರಡು ಬದಿಗಳ ನಡುವೆ 4,800 ರೂಪಾಯಿ ವ್ಯತ್ಯಾಸ ಬಂದಿತ್ತು. ಗುಡ್‌ವಿಲ್ ಅನ್ನು ಎರಡು ಸಲ ಕೂಡಿಸಿರಬೇಕು ಎಂಬ ಗುಮಾನಿ ಬರುವಷ್ಟರಲ್ಲಿ ಕೆಳಗೆ ನಳದಲ್ಲಿ ಗಾಳಿ ಬುಸುಗುಟ್ಟಿತು, ಅತ್ತೆ "ನೀರು ಬಂತು ನೋಡವ್ವಾ" ಎಂದು ಕೂಗಿದವರು, ಒಂದು ಕ್ಷಣ ತಡೆದು, "ಇರ್ಲಿ ಬಿಡು, ನಾ ಹಿಡೀತೀನಿ" ಎಂದರು.